ಎಲೆಕ್ಟ್ರಿಕಲ್, ಇ ಆ್ಯಂಡ್ ಸಿ, ಸಿಎಸ್: ಕರಾವಳಿಯ ವಿದ್ಯಾರ್ಥಿ ಯಾವುದನ್ನು ಮೊದಲು ಬರೆಯಬೇಕು?

ಜೂನ್ ತಿಂಗಳ ಒಂದು ಸಂಜೆ. ಗಾಳಿಮಳೆಗೆ ಎಲ್ಲೋ ಹಲಸಿನ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಗಿತ್ತು. ಪಕ್ಕದ ಮನೆಯ ಹುಡುಗಿ ಮೊಬೈಲಿನ ಬೆಳಕಿನಲ್ಲಿ ನಮ್ಮ ಜಗಲಿ ಹತ್ತಿ ಬಂದಳು. ಸಿಇಟಿ ರ‍್ಯಾಂಕ್ ಬಂದಿತ್ತು. ಅವಳ ಕೈಯಲ್ಲಿದ್ದ ಮಡಚಿದ ಹಾಳೆಯಲ್ಲಿ ಹದಿನೆಂಟು ಸಾಲುಗಳು: ಕಾಲೇಜಿನ ಹೆಸರು, ಬ್ರಾಂಚು, ಹಿಂದಿನ ವರ್ಷದ ಕಟ್‌ಆಫ್. ಅಪ್ಪ ಸಿಎಸ್ (ಕಂಪ್ಯೂಟರ್ ಸೈನ್ಸ್) ಎನ್ನುತ್ತಾರೆ, ಪಿಯು ಕಾಲೇಜಿನ ಮೇಷ್ಟ್ರು ಇ ಆ್ಯಂಡ್ ಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್) ಎನ್ನುತ್ತಾರೆ, ಅವಳ ಮನಸ್ಸು ಮಾತ್ರ ಎಲೆಕ್ಟ್ರಿಕಲ್ ಕಡೆಗೆ. "ಹುಡುಗಿಯರಿಗೆ ಯಾಕೆ ಕಂಬ ಹತ್ತುವ ಕೆಲಸ" ಎಂದು ದೊಡ್ಡಮ್ಮ ಕೇಳಿದರಂತೆ.

ನಾನು ಎಲೆಕ್ಟ್ರಿಕಲ್ ಓದಿದವನು. ಆರು ವರ್ಷ ಸಬ್‌ಸ್ಟೇಷನ್‌ಗಳಲ್ಲಿ ರಿಲೇ ಎಂಬ ರಕ್ಷಣಾ ಸಾಧನಗಳ ಪರೀಕ್ಷೆ ಮಾಡಿದೆ. ಈಗ ಅಂಥದೇ ರಿಲೇಗಳ ಒಳಗೆ ಓಡುವ ಕೋಡ್ ಬರೆಯುತ್ತೇನೆ. ಎರಡೂ ದಡ ಕಂಡ ಸಲಿಗೆಯಿಂದ, ಆ ರಾತ್ರಿ ಅವಳಿಗೆ ಹೇಳಿದ್ದನ್ನೇ ಇನ್ನಷ್ಟು ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕತ್ತಲನ್ನೇ ನೋಡೋಣ. ಕೊಂಬೆ ಬಿದ್ದ ಕ್ಷಣದಲ್ಲಿ ಊರಿಗೆ ವಿದ್ಯುತ್ ತರುವ 11 ಕಿಲೋವೋಲ್ಟ್ ತಂತಿಮಾರ್ಗದ, ಅಂದರೆ ಫೀಡರಿನ, ಕರೆಂಟು ಒಮ್ಮೆಲೇ ಏರುತ್ತದೆ. ಸಬ್‌ಸ್ಟೇಷನ್ನಿನ ರಿಲೇ ಅದನ್ನು ಗುರುತಿಸಿ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚಿಗೆ ಆಜ್ಞೆ ಕೊಡುತ್ತದೆ, ಬ್ರೇಕರ್ ತೆರೆದುಕೊಳ್ಳುತ್ತದೆ, ಫೀಡರ್ ಸಾಯುತ್ತದೆ, ಜನರು ಉಳಿಯುತ್ತಾರೆ. ಇಷ್ಟು ಎಲೆಕ್ಟ್ರಿಕಲ್. ಬ್ರೇಕರ್ ತೆರೆಯಿತು ಎಂಬ ಸುದ್ದಿಯನ್ನು ದೂರದ ಕಂಟ್ರೋಲ್ ರೂಮಿಗೆ ಫೈಬರ್ ಅಥವಾ ರೇಡಿಯೊ ಮೂಲಕ, ಗದ್ದಲದಲ್ಲಿ ಕಳೆದುಹೋಗದಂತೆ ಸಾಗಿಸುವ ವಿದ್ಯೆ ಇ ಆ್ಯಂಡ್ ಸಿ. ನಾವು 1912ಕ್ಕೆ ಫೋನ್ ಮಾಡಿದಾಗ ದೂರು ದಾಖಲಾಗಿ ಸರಿಯಾದ ಸೆಕ್ಷನ್ ಆಫೀಸಿಗೆ ಮುಟ್ಟುವುದರ ಹಿಂದಿರುವುದು ಸಿಎಸ್.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹಳೆಯ ರಿಲೇಯೊಳಗೆ ಒಂದು ಲೋಹದ ತಟ್ಟೆ ಇರುತ್ತಿತ್ತು. ಕರೆಂಟು ಮಿತಿ ಮೀರಿದರೆ ತಟ್ಟೆ ತಿರುಗಿ ಸಂಪರ್ಕ ಮುಚ್ಚುತ್ತಿತ್ತು. ಗಾಜಿನ ಹಿಂದೆ ಅದು ತಿರುಗುವುದನ್ನು ಕಣ್ಣಾರೆ ನೋಡಬಹುದಿತ್ತು. ಇಂದಿನ ರಿಲೇಯಲ್ಲಿ ತಟ್ಟೆ ಇಲ್ಲ, ಪ್ರೊಸೆಸರ್ ಇದೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಒಂದು ಆವರ್ತ ಮುಗಿಯಲು 20 ಮಿಲಿಸೆಕೆಂಡ್ ಸಾಕು; ಅಷ್ಟರೊಳಗೆ ಅದು ಕರೆಂಟನ್ನು ಹಲವು ಬಾರಿ ಅಳೆದು, ಅಲೆಗಳನ್ನು ಬಿಡಿಸಿ ನೋಡುವ ಫೂರಿಯರ್ ಗಣಿತ ಮಾಡಿ, ತೀರ್ಪು ಕೊಡುತ್ತದೆ. ಆ ಪೆಟ್ಟಿಗೆಯನ್ನು ಯಾವ ಬ್ರಾಂಚಿಗೆ ಸೇರಿಸುತ್ತೀರಿ? ಕರೆಂಟು ಏಕೆ ಏರಿತು ಎಂದು ತಿಳಿಯದವನು ಅದರ ಕೋಡ್ ಬರೆಯಲಾರ. ಕೋಡ್ ಬಾರದವನಿಗೆ ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು ಆಗದು.

ಕಂಪ್ಯೂಟರ್ ವಿದ್ಯೆ ಹುಟ್ಟಿದ್ದೇ ಎಲೆಕ್ಟ್ರಿಕಲ್ ಮನೆಯಲ್ಲಿ. 1937ರಲ್ಲಿ ಕ್ಲಾಡ್ ಶಾನನ್ ಎಂಬ 21ರ ತರುಣ ರಿಲೇ ಸ್ವಿಚ್ಚುಗಳ ಜೋಡಣೆಯನ್ನು ಬೂಲನ ಬೀಜಗಣಿತದಲ್ಲಿ, ಅಂದರೆ ಹೌದು-ಅಲ್ಲಗಳ ಲೆಕ್ಕದಲ್ಲಿ, ಬರೆಯಬಹುದೆಂದು ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದ. ಡಿಜಿಟಲ್ ಕಂಪ್ಯೂಟರಿನ ಬೇರುಗಳಲ್ಲಿ ಅದು ಮುಖ್ಯವಾದದ್ದು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಇವತ್ತಿಗೂ ಇವನ್ನು ಒಂದೇ ವಿಭಾಗದಲ್ಲಿ ಕಲಿಸುತ್ತವೆ. ಅಲ್ಲಿ 'ಇಸಿಇ' ಎಂದರೆ ಎಲೆಕ್ಟ್ರಿಕಲ್ ಮತ್ತು ಕಂಪ್ಯೂಟರ್ ಎಂಜಿನಿಯರಿಂಗ್; ನಮ್ಮಲ್ಲಿ ಅದೇ ಮೂರಕ್ಷರಕ್ಕೆ ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ಎಂದು ಅರ್ಥ. ಮುಂದೆ ಎಂಎಸ್ ಮಾಡುವ ಆಸೆ ಇರುವವರು ಇದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ: ಅಲ್ಲಿನ ಇಸಿಇ ವಿಭಾಗಕ್ಕೆ ನಮ್ಮ ಎಲೆಕ್ಟ್ರಿಕಲ್ ಪದವೀಧರರೂ ಅರ್ಜಿ ಹಾಕುತ್ತಾರೆ. "ಇಸಿಇ ಸಿಗಬೇಕಾದರೆ ಇಲ್ಲಿ ಇ ಆ್ಯಂಡ್ ಸಿ ಓದಲೇಬೇಕು" ಎಂಬ ತಪ್ಪು ತಿಳಿವಳಿಕೆಯಿಂದ ಸೀಟು ಬದಲಾಯಿಸಿದವರನ್ನು ನಾನು ಕಂಡಿದ್ದೇನೆ.

ಎಲೆಕ್ಟ್ರಿಕಲ್ ಮತ್ತು ಇ ಆ್ಯಂಡ್ ಸಿ ನಡುವಿನ ನಂಟು ನಮ್ಮ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಇದ್ದ ಹಾಗೆ. ಪ್ರಸಂಗ ಒಂದೇ, ಚೆಂಡೆ, ಹೆಜ್ಜೆ, ಕಿರೀಟ ಬೇರೆ. ಒಂದನ್ನು ಕಲಿತವನು ಇನ್ನೊಂದನ್ನು ನೋಡಿ ಸವಿಯಬಲ್ಲ, ಆದರೆ ಮರುದಿನವೇ ರಂಗಸ್ಥಳಕ್ಕೆ ಇಳಿದು ಕುಣಿಯಲಾರ.

ಎಲೆಕ್ಟ್ರಿಕಲ್ ಒಳಗೆ ಏನಿದೆ

ನೆಟ್‌ವರ್ಕ್ ಸಿದ್ಧಾಂತ, ಟ್ರಾನ್ಸ್‌ಫಾರ್ಮರ್, ಮೋಟಾರು, ಜನರೇಟರ್, ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಸಿಸ್ಟಮ್ಸ್, ವಿದ್ಯುತ್ ಸಾಗಣೆ, ರಕ್ಷಣಾ ವ್ಯವಸ್ಥೆ. ಇವುಗಳ ಜೊತೆಗೆ ಮೈಕ್ರೋಕಂಟ್ರೋಲರ್, ಸಿಗ್ನಲ್ ಪ್ರೊಸೆಸಿಂಗ್ ಕೂಡ ಇರುತ್ತವೆ; ಇದು ಹಲವರಿಗೆ ಗೊತ್ತಿರುವುದಿಲ್ಲ. ವಿಷಯಗಳ ಪಟ್ಟಿ ಓದಿದರೆ ಬ್ರಾಂಚು ಅರ್ಥವಾಗುವುದಿಲ್ಲ, ಲ್ಯಾಬಿಗೆ ಹೋಗಬೇಕು.

ಇಂಡಕ್ಷನ್ ಮೋಟಾರಿನ ಲೋಡ್ ಟೆಸ್ಟ್ ನೆನಪಾಗುತ್ತದೆ. ಶಾಫ್ಟಿಗೆ ಒಂದು ಕಬ್ಬಿಣದ ಡ್ರಮ್, ಅದರ ಸುತ್ತ ಬೆಲ್ಟ್, ಬೆಲ್ಟಿನ ಎರಡು ತುದಿಗೂ ಸ್ಪ್ರಿಂಗ್ ತಕ್ಕಡಿ. ಬೆಲ್ಟನ್ನು ಬಿಗಿಮಾಡುತ್ತ ಹೋದಂತೆ ಡ್ರಮ್ ಕಾಯತೊಡಗುತ್ತದೆ. ಒಬ್ಬ ಅದರೊಳಗೆ ಚೊಂಬಿನಿಂದ ನೀರು ಹೊಯ್ಯುತ್ತಾನೆ, ಹಬೆ ಏಳುತ್ತದೆ. ಇನ್ನೊಬ್ಬ ಟ್ಯಾಕೋಮೀಟರ್ ಹಿಡಿದು ವೇಗ ಕೂಗುತ್ತಾನೆ, ಮೂರನೆಯವನು ಆಮೀಟರ್ ಓದಿ ಬರೆದುಕೊಳ್ಳುತ್ತಾನೆ. ನಿಮಿಷಕ್ಕೆ 1,500 ಸುತ್ತಿನ ಸಿಂಕ್ರೊನಸ್ ವೇಗದ (ಒಳಗಿನ ಕಾಂತಕ್ಷೇತ್ರ ತಿರುಗುವ ವೇಗ) ಮೋಟಾರು ಪೂರ್ಣ ಭಾರಕ್ಕೆ 1,440ರ ಆಸುಪಾಸಿಗೆ ಇಳಿಯುತ್ತದೆ. ಆ 60 ಸುತ್ತುಗಳ ಹಿಂದುಳಿಯುವಿಕೆಯಿಂದಲೇ ಮೋಟಾರಿಗೆ ಎಳೆಯುವ ಬಲ ಹುಟ್ಟುತ್ತದೆ ಎಂಬುದು ಪುಸ್ತಕದಲ್ಲಿ ಒಂದು ಸಾಲು. ಡ್ರಮ್ಮಿನ ಬಿಸಿ ಮುಖಕ್ಕೆ ತಾಗಿದಾಗ ಅದು ಬೇರೆಯದೇ ರೀತಿಯಲ್ಲಿ ತಿಳಿಯುತ್ತದೆ. ಆ ಬಿಸಿಯ ಹತ್ತಿರ ನಿಲ್ಲಲು ಹಿತವೆನಿಸುವವರಿಗೆ ಈ ಬ್ರಾಂಚು ಒಲಿಯುತ್ತದೆ.

ನಾನು ಓದಿದ ಕಾಲೇಜಿನಲ್ಲಿ ಎರಡು ಯಂತ್ರಗಳು ಕೊನೆಯವರೆಗೂ ಕೆಟ್ಟು ನಿಂತಿದ್ದವು. ಆ ಪ್ರಯೋಗಗಳ ಅಂಕಿಗಳನ್ನು ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆದೆವು. ಜನರೇಟರನ್ನು ಗ್ರಿಡ್ಡಿಗೆ ಸೇರಿಸುವುದನ್ನು ನಾನು ಕೈಯಾರೆ ಮಾಡಿದ್ದು ಕೆಲಸಕ್ಕೆ ಸೇರಿದ ಮೇಲೆ. ಆ ನಷ್ಟ ಈಗಲೂ ನೋಯುತ್ತದೆ. ಅದಕ್ಕಾಗಿಯೇ ಲ್ಯಾಬ್ ನೋಡದೆ ಕಾಲೇಜು ಆರಿಸಬೇಡಿ ಎಂದು ಎಲ್ಲರಿಗೂ ಹೇಳುತ್ತಿರುತ್ತೇನೆ.

ಈ ಓದಿಗೆ ನಮ್ಮ ಕರಾವಳಿಯಷ್ಟು ಒಳ್ಳೆಯ ಪಾಠಶಾಲೆ ಕಡಿಮೆ. ಹೊಸಂಗಡಿಯಲ್ಲಿ ಬೆಟ್ಟದೊಳಗೆ ಕೊರೆದ ವಾರಾಹಿ ಭೂಗತ ವಿದ್ಯುದಾಗಾರವಿದೆ, 460 ಮೆಗಾವಾಟ್. ಪಡುಬಿದ್ರಿ ಬಳಿಯ ಉಷ್ಣ ಸ್ಥಾವರ 1,200 ಮೆಗಾವಾಟಿನದು. ಪಣಂಬೂರಿನ ಬಂದರು, ಎಂಆರ್‌ಪಿಎಲ್‌ನ ತೈಲ ಶುದ್ಧೀಕರಣ ಘಟಕ, 2022ರಲ್ಲಿ ಪೂರ್ತಿ ವಿದ್ಯುದೀಕರಣಗೊಂಡ ಕೊಂಕಣ ರೈಲು, ಎಲ್ಲಕ್ಕಿಂತ ಹೆಚ್ಚಾಗಿ ನಾಲ್ಕು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಮೆಸ್ಕಾಂ. ರಾಜ್ಯದಲ್ಲಿ ವಿದ್ಯುತ್ ಸಾಗಿಸುವ ಕೆಪಿಟಿಸಿಎಲ್, ಹಂಚುವ ಎಸ್ಕಾಂಗಳ ಸಹಾಯಕ ಎಂಜಿನಿಯರ್ ವಿದ್ಯುತ್ ಹುದ್ದೆಗೆ ಎಲೆಕ್ಟ್ರಿಕಲ್ ಪದವಿ ಬೇಕೇ ಬೇಕು. ಯುಪಿಎಸ್‌ಸಿಯ ಎಂಜಿನಿಯರಿಂಗ್ ಸೇವಾ ಪರೀಕ್ಷೆಯಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಮ್ಯುನಿಕೇಷನ್ ಎಂಬ ನಾಲ್ಕು ವಿಭಾಗಗಳಿವೆ. ಕಂಪ್ಯೂಟರ್ ಸೈನ್ಸಿಗೆ ಪ್ರತ್ಯೇಕ ವಿಭಾಗವಿಲ್ಲ. ಸರ್ಕಾರಿ ನೌಕರಿಯ ಕನಸು ಇರುವ ಮನೆಗಳಲ್ಲಿ ಈ ಒಂದು ಮಾತು ಚರ್ಚೆಯಾಗದೆ ಉಳಿಯುತ್ತದೆ ಎಂಬುದು ನನಗೆ ಸದಾ ಅಚ್ಚರಿ.

ದೊಡ್ಡಮ್ಮನ ಪ್ರಶ್ನೆಗೆ ಬರುತ್ತೇನೆ. ಎಂಜಿನಿಯರ್ ಕಂಬ ಹತ್ತುವುದಿಲ್ಲ, ಅದಕ್ಕೆ ತರಬೇತಾದ ಪವರ್‌ಮ್ಯಾನ್‌ಗಳಿದ್ದಾರೆ. ಯಾವ ಲೈನ್ ಬಂದ್ ಮಾಡಬೇಕು, ಭೂಸಂಪರ್ಕ ಸರಿಯಾಗಿದೆಯೇ, ಕೆಲಸ ಮುಗಿಯುವ ಮೊದಲೇ ಯಾರಾದರೂ ಲೈನಿಗೆ ಮತ್ತೆ ವಿದ್ಯುತ್ ಹರಿಸಿಬಿಡುವ ಸಾಧ್ಯತೆ ಇದೆಯೇ ಎಂದು ನೋಡಿ ಅಪ್ಪಣೆ ಕೊಡುವ ಹೊಣೆ ಎಂಜಿನಿಯರನದು. ಹೆಣ್ಣು ಗಂಡಿನ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ವಿದ್ಯುತ್ ಕಂಪನಿಗಳ ಕಚೇರಿಗಳಲ್ಲಿ ಈ ಹೊಣೆಯನ್ನು ಹೊತ್ತ ಮಹಿಳೆಯರು ಎಷ್ಟೋ ಮಂದಿ. ನಾನು ರಿಲೇ ಪರೀಕ್ಷೆ ಕಲಿತದ್ದೂ ಒಬ್ಬ ಮೇಡಂ ಕೈಕೆಳಗೆ.

ಇ ಆ್ಯಂಡ್ ಸಿ

ಎಲೆಕ್ಟ್ರಿಕಲ್ ಕಿಲೋವೋಲ್ಟುಗಳಲ್ಲಿ ಯೋಚಿಸಿದರೆ ಇ ಆ್ಯಂಡ್ ಸಿ ಮಿಲಿವೋಲ್ಟುಗಳಲ್ಲಿ ಯೋಚಿಸುತ್ತದೆ. ಅಲ್ಲಿ ವಿದ್ಯುತ್ತು ದುಡಿಯುವ ಆಳು, ಇಲ್ಲಿ ಓಲೆ ಒಯ್ಯುವ ದೂತ. ಲ್ಯಾಬಿನಲ್ಲಿ ಬ್ರೆಡ್‌ಬೋರ್ಡು, ಬಣ್ಣದ ಪಟ್ಟಿಯ ರೆಸಿಸ್ಟರುಗಳು, ಅಲೆಯ ರೂಪ ತೋರಿಸುವ ಸಿಆರ್‌ಒ ಪರದೆ. ಆಂಪ್ಲಿಫೈಯರ್ ಕಟ್ಟಿ ಮುಗಿಸಿ ಪರದೆ ನೋಡಿದರೆ ಬರಬೇಕಾದ ಅಲೆ ಇಲ್ಲ. ಬದಲಿಗೆ ಗೋಡೆಯೊಳಗಿನ ವೈರಿಂಗಿನಿಂದ ನುಸುಳಿ ಬಂದ 50 ಹರ್ಟ್ಸಿನ ಗುಂಯ್ ಎನ್ನುವ ಅಲೆ ಕುಣಿಯುತ್ತಿರುತ್ತದೆ. ಅರ್ಧ ಗಂಟೆ ಹುಡುಕಿದ ಮೇಲೆ ಒಂದು ಸಡಿಲ ಗ್ರೌಂಡ್ ತಂತಿ ಸಿಗುತ್ತದೆ. ಆ ಹುಡುಕಾಟದಲ್ಲಿ ತಾಳ್ಮೆ ಉಳಿಯುವವರು ಇಲ್ಲಿ ಬೆಳೆಯುತ್ತಾರೆ.

ಮೂರು ಬ್ರಾಂಚುಗಳಲ್ಲಿ ಗಣಿತ ಇಲ್ಲಿಯೇ ಹೆಚ್ಚು ಬಿಗಿ ಎಂದು ನನ್ನ ಅನಿಸಿಕೆ. ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್, ವಿದ್ಯುತ್ಕಾಂತೀಯ ಕ್ಷೇತ್ರಗಳು, ಸಂಭವನೀಯತೆ ಬಂದಾಗ ಪಿಯುವಿನಲ್ಲಿ ಬಾಯಿಪಾಠ ಮಾಡಿ ಅಂಕ ತೆಗೆದವರ ಬಂಡವಾಳ ಮುಗಿದುಹೋಗುತ್ತದೆ. ಇನ್ನು ಕೆಲಸ. ಚಿಪ್ ವಿನ್ಯಾಸದ ಕಂಪನಿಗಳಿರುವುದು ಬೆಂಗಳೂರಿನಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿಗೆ ಬಂದಂದಿನಿಂದ ಬೆಳೆದ ಬೆಳೆ ಅದು. ಇಸ್ರೋ, ರಕ್ಷಣಾ ಸಂಸ್ಥೆಗಳೂ ಅಲ್ಲೇ. ಹೀಗಾಗಿ ಈ ಬ್ರಾಂಚನ್ನು ಅದರ ತಿರುಳಿಗಾಗಿ ಆರಿಸುವವರು ಘಟ್ಟ ಹತ್ತಲು ಸಿದ್ಧರಾಗಿರಬೇಕು, ಒಳ್ಳೆಯ ಚಿಪ್ ಕೆಲಸಕ್ಕೆ ಎಂ.ಟೆಕ್ ಕೂಡ ಬೇಕಾಗಬಹುದು. ಹಾಗೆ ಮಾಡಲು ಮನಸ್ಸಿಲ್ಲದೆ, "ಸಿಎಸ್ ಸಿಗಲಿಲ್ಲ, ಹತ್ತಿರದ್ದು ಇದೇ" ಎಂದು ಸೇರಿಕೊಂಡವರು ನಾಲ್ಕು ವರ್ಷ ಎರಡು ದೋಣಿಯಲ್ಲಿ ಕಾಲಿಡುತ್ತಾರೆ. ನನಗೆ ಅತ್ಯಂತ ಬೇಸರ ತರಿಸುವ ಆಯ್ಕೆ ಇದು.

ಸಿಎಸ್

ಇದರ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಚಿಕ್ಕದಾಗಿ ಮುಗಿಸುತ್ತೇನೆ. ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಗಣನೆಯ ಸಿದ್ಧಾಂತ. ಇದು ಕಂಪ್ಯೂಟರ್ ಬಳಸುವುದನ್ನು ಕಲಿಸುವ ಕೋರ್ಸು ಎಂದುಕೊಂಡು ಬಂದವರು ಗಣನೆಯ ಸಿದ್ಧಾಂತದ ಮೊದಲ ಇಂಟರ್ನಲ್ ಪರೀಕ್ಷೆಯಲ್ಲೇ ತತ್ತರಿಸುತ್ತಾರೆ. ತರ್ಕವನ್ನು ತುಂಡು ತುಂಡಾಗಿ ಬಿಡಿಸುವುದರಲ್ಲಿ ಖುಷಿ ಪಡುವವರಿಗೆ ಮಾತ್ರ ಇದು ನಿಜವಾದ ಹಬ್ಬ. ಕೆಲಸದ ಸಂಖ್ಯೆ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ. ಮುಡಿಪುವಿನಲ್ಲಿ ಇನ್ಫೋಸಿಸ್ ಕ್ಯಾಂಪಸ್ ಇದೆ, 1996ರಲ್ಲಿ ಉಡುಪಿಯಲ್ಲಿ ಹುಟ್ಟಿದ ರೋಬೊಸಾಫ್ಟ್ ಇದೆ. ಮನೆಯ ಊಟ ಮಾಡಿಕೊಂಡು ಸಾಫ್ಟ್‌ವೇರ್ ಕೆಲಸ ಮಾಡುವುದು ನಮ್ಮೂರಿನಲ್ಲಿ ಹೊಸ ಸಂಗತಿಯಲ್ಲ. ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಎಂದು ಬಾಲ ಹಚ್ಚಿಕೊಂಡ ಬ್ರಾಂಚುಗಳ ಪಠ್ಯಕ್ರಮವನ್ನು ಇಳಿಸಿಕೊಂಡು ಓದಿ. ಬಹುಪಾಲು ಸಿಎಸ್ಸೇ ಇರುತ್ತದೆ, ಕೊನೆಗೆ ಕೆಲವು ವಿಷಯ ಬೇರೆ.

ಬಾಗಿಲು ಯಾವ ಕಡೆಗೆ ತೆರೆಯುತ್ತದೆ

ನನ್ನ ವಾದ ಇರುವುದು ಇಲ್ಲಿ. ಎಲೆಕ್ಟ್ರಿಕಲ್ ಅಥವಾ ಇ ಆ್ಯಂಡ್ ಸಿ ಓದಿದವರು ಕೋಡ್ ಕಲಿತು ಸಾಫ್ಟ್‌ವೇರಿಗೆ ಹೋಗಬಹುದು; ಸಾವಿರಾರು ಜನ ಹೋಗಿದ್ದಾರೆ. ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ 1988ರಲ್ಲಿ ಮಣಿಪಾಲದ ಎಂಐಟಿಯಿಂದ ಪಡೆದದ್ದು ಎಲೆಕ್ಟ್ರಿಕಲ್ ಪದವಿ. ಕಂಪ್ಯೂಟರ್ ಸೈನ್ಸ್ ಓದಿದ್ದು ಆಮೇಲೆ, ಅಮೆರಿಕದಲ್ಲಿ. ತಿರುಗಿ ಬರುವ ದಾರಿ ಹೀಗಿಲ್ಲ. ಸಿಎಸ್ ಓದಿದವನು ಮೂವತ್ತರ ವಯಸ್ಸಿನಲ್ಲಿ ಸಬ್‌ಸ್ಟೇಷನ್ ವಿನ್ಯಾಸ ಮಾಡುತ್ತೇನೆ ಎಂದರೆ ನಿಯಮವೂ ಬಿಡದು, ವಿದ್ಯೆಯೂ ಸಾಲದು. ಟ್ರಾನ್ಸ್‌ಫಾರ್ಮರನ್ನು ಲ್ಯಾಪ್‌ಟಾಪಿನ ಮುಂದೆ ಕುಳಿತು ಒಬ್ಬರೇ ಕಲಿಯಲು ಬರುವುದಿಲ್ಲ, ಕೋಡನ್ನು ಹಾಗೆ ಕಲಿಯಬಹುದು. ಮನಸ್ಸು ಇನ್ನೂ ನಿಂತಿಲ್ಲ, ಎರಡೂ ಇಷ್ಟ ಎನ್ನುವ ವಿದ್ಯಾರ್ಥಿಗೆ ನಾನು ಎಲೆಕ್ಟ್ರಿಕಲ್ ಎನ್ನುವುದು ಈ ಕಾರಣಕ್ಕೆ.

ಆದರೆ ಇದಕ್ಕೆ ಬೆಲೆ ತೆರಬೇಕು. ಅಲ್ಗಾರಿದಮ್, ಆಪರೇಟಿಂಗ್ ಸಿಸ್ಟಮ್ ಎಲ್ಲವನ್ನೂ ರಾತ್ರಿ ಕುಳಿತು ನೀವೇ ಓದಿಕೊಳ್ಳಬೇಕು. ಅತ್ತ ಯಂತ್ರಗಳ ಪಾಠ, ಇತ್ತ ಕೋಡಿಂಗ್ ಅಭ್ಯಾಸ. ಕೆಲವು ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೆ ಬಂದಾಗ ಸಿಎಸ್ ಮತ್ತು ಅದರ ಸೋದರ ಬ್ರಾಂಚುಗಳನ್ನಷ್ಟೇ ಕರೆಯುತ್ತವೆ. ಎಂಟನೆಯ ತರಗತಿಯಿಂದ ಪ್ರೋಗ್ರಾಮ್ ಬರೆಯುತ್ತ, ಅದರಲ್ಲೇ ಊಟ ನಿದ್ದೆ ಮರೆಯುವ ಹುಡುಗನಿಗೆ "ಬಾಗಿಲು ತೆರೆದಿರಲಿ" ಎಂದು ಎಲೆಕ್ಟ್ರಿಕಲ್ ಹಚ್ಚಿದರೆ ಅನ್ಯಾಯ. ಅವನು ಕಣ್ಣು ಮುಚ್ಚಿ ಸಿಎಸ್ ಬರೆಯಲಿ.

ಕಾಲೇಜುಗಳ ವಿಚಾರ

ಸುರತ್ಕಲ್ಲಿನ ಎನ್‌ಐಟಿಕೆ ಎಲ್ಲರ ಮೊದಲ ಕನಸು. 1960ರಲ್ಲಿ ಕೆಆರ್‌ಇಸಿ ಎಂದು ಶುರುವಾಗಿ 2002ರಲ್ಲಿ ಎನ್‌ಐಟಿ ಆಯಿತು. ಅಲ್ಲಿಗೆ ಸಿಇಟಿ ನಡೆಯುವುದಿಲ್ಲ, ಜೆಇಇ ಮೇನ್ ಬೇಕು. ಅರ್ಧದಷ್ಟು ಸೀಟು ನಮ್ಮ ರಾಜ್ಯದವರಿಗೆ ಮೀಸಲು ಎಂಬುದನ್ನು ಮರೆಯಬೇಡಿ. ಅಲ್ಲಿ ಈ ಮೂರರಲ್ಲಿ ಯಾವ ಬ್ರಾಂಚು ಸಿಕ್ಕರೂ ಬಿಡಬೇಡಿ ಎಂಬುದೇ ನನ್ನ ಸಲಹೆ. ಮಣಿಪಾಲದ ಎಂಐಟಿ 1957ರದು, ಡೀಮ್ಡ್ ವಿಶ್ವವಿದ್ಯಾಲಯದ ಭಾಗ, ಪ್ರವೇಶ ಪರೀಕ್ಷೆ ಅದರದೇ. ಬ್ರಾಂಚುಗಳ ವೈವಿಧ್ಯ ದೊಡ್ಡದು: ಕಂಪ್ಯೂಟರ್ ಆ್ಯಂಡ್ ಕಮ್ಯುನಿಕೇಷನ್, ಇನ್‌ಸ್ಟ್ರುಮೆಂಟೇಷನ್, ಮೆಕಾಟ್ರಾನಿಕ್ಸ್, ಬಯೋಮೆಡಿಕಲ್ ಎಲ್ಲವೂ ಉಂಟು. ಸಿಇಟಿ ಸೀಟಿನ ಶುಲ್ಕಕ್ಕೂ ಅಲ್ಲಿನ ಶುಲ್ಕಕ್ಕೂ ಅಜಗಜಾಂತರ. ನಾಲ್ಕು ವರ್ಷದ ಒಟ್ಟು ಖರ್ಚನ್ನು, ಹಾಸ್ಟೆಲ್ ಸೇರಿಸಿ, ಕಾಗದದ ಮೇಲೆ ಬರೆದು ನೋಡಿದ ಮೇಲಷ್ಟೇ ಬ್ಯಾಂಕಿನ ಕಡೆಗೆ ಹೆಜ್ಜೆ ಇಡಿ.

ಕಾರ್ಕಳ ತಾಲ್ಲೂಕಿನ ನಿಟ್ಟೆಯ ಕಾಲೇಜು 1986ರಿಂದ ಇದೆ. ಮೊದಲು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿತ್ತು, ಈಗ ನಿಟ್ಟೆ ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ವಾಮಂಜೂರಿನ ಸಂತ ಜೋಸೆಫ್, ಅಡ್ಯಾರಿನ ಸಹ್ಯಾದ್ರಿ, ಬೆಂಜನಪದವಿನ ಕೆನರಾ, ಬಂಟಕಲ್ಲಿನ ಮಧ್ವ ವಾದಿರಾಜ ಕಾಲೇಜುಗಳು ವಿಟಿಯು ನೆರಳಿನವು. ಕರಾವಳಿಯ ಪ್ರತಿ ಕಾಲೇಜಿನಲ್ಲೂ ಎಲೆಕ್ಟ್ರಿಕಲ್ ಇಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆ, ವಾಮಂಜೂರಿನಲ್ಲಿ ಇದೆ. ಪಟ್ಟಿ ಮಾಡುವ ಮೊದಲೇ ಇದನ್ನು ನೋಡಿಕೊಂಡರೆ ಅರ್ಧ ಕೆಲಸ ಹಗುರ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇನ್ನೊಂದು ದಾರಿ ಇದೆ. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್ 1946ರದು. ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಬಿಇಗೆ ಸೇರಬಹುದು. ಡಿಪ್ಲೊಮಾದಿಂದ ಬಂದ ನನ್ನ ಸಹಪಾಠಿಗಳು ಲ್ಯಾಬಿನಲ್ಲಿ ನಮ್ಮ ಗುರುಗಳಾಗಿದ್ದರು, ಗಣಿತದಲ್ಲಿ ನಾವು ಅವರಿಗೆ ಆಸರೆಯಾದೆವು. ಮನೆಯ ಕಷ್ಟಕ್ಕೆ ಬೇಗ ದುಡಿಯಬೇಕಾದವರಿಗೆ ಇದಕ್ಕಿಂತ ಗಟ್ಟಿಯಾದ ಮೆಟ್ಟಿಲು ನನಗೆ ಗೊತ್ತಿಲ್ಲ.

ಆಪ್ಷನ್ ಎಂಟ್ರಿ ಮಾಡುವಾಗ

ಹುಡುಗಿಯ ಹಾಳೆಯಲ್ಲಿ ಕಂಡ ತಪ್ಪು ಎಂದರೆ ಅವಳು ಕಟ್‌ಆಫ್ ಅನುಸರಿಸಿ ಸಾಲು ಹಚ್ಚಿದ್ದಳು. ಬೇಗ ತುಂಬುವುದು ಮೇಲೆ, ತಡವಾಗಿ ತುಂಬುವುದು ಕೆಳಗೆ. ಊರಿನ ಬೇಡಿಕೆಯ ಪಟ್ಟಿ ಅದು, ಅವಳದಲ್ಲ. ನಿಮಗೆ ನಿಜವಾಗಿ ಬೇಕಾದದ್ದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ರ‍್ಯಾಂಕಿಗೆ ಸಿಗದಿದ್ದರೆ ವ್ಯವಸ್ಥೆ ತಾನಾಗಿ ಮುಂದಿನ ಸಾಲಿಗೆ ಇಳಿಯುತ್ತದೆ, ನಿಮಗೆ ನಷ್ಟವಿಲ್ಲ. ಸಿಕ್ಕರೂ ಹೋಗಲಾರದ ಕಾಲೇಜನ್ನು ಮಾತ್ರ ಪಟ್ಟಿಯಲ್ಲಿ ಸೇರಿಸಬೇಡಿ. ಅಣಕು ಹಂಚಿಕೆ ಬಂದ ಮೇಲೆ ಒಮ್ಮೆ ತಿದ್ದಿ. ನಿಜವಾದ ಹಂಚಿಕೆಯ ನಂತರ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತುವಾಗ ಮನೆಯವರೆಲ್ಲ ಜೊತೆಗೆ ಕುಳಿತು ಎರಡು ಸಲ ಓದಿ. ಆಯ್ಕೆ ಒಂದು ಮತ್ತು ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಮೇಲಿನ ಸೀಟಿನ ಅವಕಾಶ ಕಳೆದುಕೊಂಡವರಿದ್ದಾರೆ. ಸೇರಿದ ಮೇಲೆ ಬ್ರಾಂಚು ಬದಲಾಯಿಸಿಕೊಳ್ಳುತ್ತೇನೆ ಎಂಬ ಭರವಸೆಯ ಮೇಲೆ ಸೀಟು ಹಿಡಿಯಬೇಡಿ. ಅದು ಖಾಲಿ ಸೀಟು ಮತ್ತು ಮೊದಲ ವರ್ಷದ ಅಂಕಗಳ ಕೈಯಲ್ಲಿದೆ.

ಸೀಟು ಒಪ್ಪುವ ಮೊದಲು ಒಂದು ದಿನ ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಬನ್ನಿ. ಆಡಳಿತ ಕಟ್ಟಡದ ಗಾಜು ನೋಡಬೇಡಿ, ಲ್ಯಾಬ್ ತೋರಿಸಿ ಎನ್ನಿ. ಮೋಟಾರುಗಳ ಮೇಲೆ ದೂಳು ಕುಳಿತಿದೆಯೇ, ಸಿಆರ್‌ಒ ಪ್ರೋಬುಗಳಿಗೆ ಟೇಪ್ ಸುತ್ತಿ ಸುತ್ತಿ ಬಳಸುತ್ತಿದ್ದಾರೆಯೇ, ಒಂದು ಬೆಂಚಿಗೆ ಎಷ್ಟು ಮಂದಿ ನಿಲ್ಲುತ್ತಾರೆ, ಸಂಜೆ ನಾಲ್ಕರ ಮೇಲೆ ಬೀಗ ಹಾಕುತ್ತಾರೆಯೇ ಎಂದು ನೋಡಿ. ಲ್ಯಾಬಿನ ಸಹಾಯಕರ ಹತ್ತಿರ ಐದು ನಿಮಿಷ ಮಾತಾಡಿದರೆ ಇಡೀ ವಿಭಾಗದ ಆರೋಗ್ಯ ತಿಳಿಯುತ್ತದೆ.

ಹುಡುಗಿ ಹೋದ ಶನಿವಾರ ಅಪ್ಪನ ಜೊತೆ ಒಂದು ಕಾಲೇಜಿಗೆ ಹೋಗಿ ಬಂದಳು. ಮೆಷಿನ್ ಲ್ಯಾಬ್ ತೆರೆದಿತ್ತಂತೆ, ಕೊನೆಯ ಬ್ಯಾಚಿನವರು ಆಗಷ್ಟೇ ಹೊರಟಿದ್ದರಂತೆ. ಮೋಟಾರಿನ ಡ್ರಮ್ಮಿನೊಳಗೆ ನೀರಿತ್ತೇ ಎಂದು ಕೇಳಿದೆ.

"ಇತ್ತು, ಇನ್ನೂ ಬೆಚ್ಚಗಿತ್ತು" ಎಂದಳು.